ಹುಳುವಿನೊಳಗಿನ ಹುಳು: ಜಾರ್ಜ್ ಪೊಯಿನಾರ್ ಅವರ ಸಂಶೋಧನೆಯನ್ನು ಮಲೆನಾಡಿನಿಂದ ಓದುವಾಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ತೋಟ ಇರುವವರಿಗೆ ಬೇರುಹುಳುವಿನ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆ ಹೊತ್ತಿಗೆ ಮಣ್ಣಿನಿಂದ ಎದ್ದು ಹಾರುವ ಕಂದು ದುಂಬಿಗಳು ಮತ್ತೆ ಮಣ್ಣಿಗೇ ಇಳಿದು ಮೊಟ್ಟೆ ಇಡುತ್ತವೆ; ಆ ಮೊಟ್ಟೆಯೊಡೆದು ಬಂದ, ಬಾಗಿದ ಮೈಯ ಬಿಳಿ ಮರಿಗಳು ತಿಂಗಳುಗಟ್ಟಲೆ ಬೇರು ತಿನ್ನುತ್ತವೆ. ಸೋಗೆ ಹಳದಿಗಟ್ಟಿ, ಮರದ ತುದಿ ಸಣಕಲಾಗಿ, ಗೊನೆ ಇಳಿಮುಖವಾದ ಮೇಲೆಯೇ ನಮಗೆ ಅದರ ಸುಳಿವು ಸಿಗುವುದು. ಗೊಣ್ಣೆಹುಳು ಎಂದೂ ಕರೆಯುವ ಈ ಪಿಡುಗಿಗೆ ಬುಡಕ್ಕೆ ಕೀಟನಾಶಕ ಸುರಿಯುವ ಅಭ್ಯಾಸ ಹಳೆಯದು. ಕೆಲವು ವರ್ಷಗಳಿಂದ ಇನ್ನೊಂದು ದಾರಿಯೂ ತೋಟಗಳಿಗೆ ಬಂದಿದೆ: ಕೀಟವನ್ನು ಕೊಲ್ಲುವ, ದಾರದಂಥ ಸೂಕ್ಷ್ಮ ಜಂತುಹುಳುಗಳನ್ನು (ನೆಮಟೋಡ್) ಪುಡಿಯ ರೂಪದಲ್ಲಿ ತಂದು, ನೀರಿನಲ್ಲಿ ಕದಡಿ, ತೇವವಿರುವ ಮಣ್ಣಿಗೆ ಬಿಡುವುದು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಈ ಪುಡಿಯ ತಂತ್ರಜ್ಞಾನವನ್ನು ರೂಪಿಸಿ ಕಂಪನಿಗಳಿಗೆ ಕೊಟ್ಟಿದೆ. ಅದರಲ್ಲಿರುವ ಜೀವಿಯ ಹೆಸರು ಹೆಟೆರೊರಾಬ್ಡೈಟಿಸ್ ಇಂಡಿಕಾ.

ವೈಜ್ಞಾನಿಕ ಹೆಸರಿನ ಹಿಂದೆ, ಅದನ್ನು ಮೊದಲು ವಿವರಿಸಿದವರ ಹೆಸರನ್ನೂ ವರ್ಷವನ್ನೂ ಬರೆಯುವ ಪದ್ಧತಿ ಜೀವಶಾಸ್ತ್ರದಲ್ಲಿದೆ. ಇಂಡಿಕಾದ ಹಿಂದೆ ಇರುವುದು ಪೊಯಿನಾರ್, ಕರುಣಾಕರ್, ಡೇವಿಡ್, 1992. ಕೊಯಮತ್ತೂರಿನ ಕಬ್ಬಿನ ಗದ್ದೆಯ ಕೀಟದಿಂದ ದೊರೆತ ಈ ಜಂತುಹುಳುವನ್ನು ಹೊಸ ಪ್ರಭೇದವೆಂದು ಲೋಕಕ್ಕೆ ತಿಳಿಸಿದ ಮೂವರಲ್ಲಿ ಮೊದಲನೆಯವರಾದ ಜಾರ್ಜ್ ಪೊಯಿನಾರ್ ಅಮೆರಿಕದವರು; ಕಾರ್ನೆಲ್‌ನಲ್ಲಿ ಓದಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು ಮೂರು ದಶಕ ದುಡಿದು, ಬಳಿಕ ಆರೆಗನ್ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋದವರು. ಪ್ರಾಣಿಶಾಸ್ತ್ರ ಓದಿ, ಕಾಫಿ ಮತ್ತು ಅಡಿಕೆ ಬೆಳೆಯುವ ಮನೆಗೆ ಮರಳಿದ ನನಗೆ ಅವರ ಸಂಶೋಧನಾ ಲೇಖನಗಳನ್ನು ಒಂದರ ಹಿಂದೆ ಒಂದರಂತೆ ಓದುವುದು ಮಳೆಗಾಲದ ಅತ್ಯಂತ ಪ್ರಿಯವಾದ ಕೆಲಸವಾಗಿದೆ. ಹೊರಜಗತ್ತು ಅವರನ್ನು ಅಂಬರ್ ಎಂಬ ಗಟ್ಟಿಯಾದ ಹಳೆಯ ಮರದ ರಾಳದಲ್ಲಿ ಸಿಕ್ಕಿಬಿದ್ದ ಪ್ರಾಚೀನ ಕೀಟಗಳ ವಿಜ್ಞಾನಿಯೆಂದು ಗುರುತಿಸುತ್ತದೆ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ದೊಡ್ಡ ಕೆಲಸ ಇರುವುದು ಪತ್ರಿಕೆಗಳ ಮುಖಪುಟಕ್ಕೆ ಎಂದೂ ಬಾರದ ಸಣ್ಣ ಸಣ್ಣ ಲೇಖನಗಳಲ್ಲಿ: ಒಂದು ಜಂತುಹುಳು, ಅದು ಬದುಕುವ ಒಂದು ಕೀಟ, ಅವೆರಡರ ಸಂಬಂಧದ ನಿಖರವಾದ ವಿವರ, ಕೈಯಿಂದ ಬಿಡಿಸಿದ ರೇಖಾಚಿತ್ರ. ಇಂಥ ಲೇಖನಗಳ ರಾಶಿಯೇ ಇಂದು ನಮ್ಮ ತೋಟದ ಮಣ್ಣಿಗೆ ಇಳಿಯುವ ಪುಡಿಯ ಬುನಾದಿ.

ನಮ್ಮ ಕಡೆ ಜಂತುಹುಳು ಎಂದೊಡನೆ ನೆನಪಾಗುವುದು ನಷ್ಟ. ಕಾಳುಮೆಣಸಿನ ಬಳ್ಳಿಯನ್ನು ನಿಧಾನವಾಗಿ ಸೊರಗಿಸುವ ರ‍್ಯಾಡೊಫೋಲಸ್, ಅರೇಬಿಕಾ ಕಾಫಿಯ ಬೇರಿನಲ್ಲಿ ಗಾಯ ಮಾಡುವ ಪ್ರಾಟಿಲೆಂಕಸ್ ಕಾಫಿಯೆ, ಹಾಸನದ ಕಡೆ ಶುಂಠಿ ಮತ್ತು ತಂಬಾಕಿನ ಬೇರುಗಳಲ್ಲಿ ಗಂಟು ಕಟ್ಟುವ ಮೆಲಾಯ್ಡೊಗೈನ್, ಇವೆಲ್ಲವೂ ಆ ಗುಂಪಿಗೇ ಸೇರಿದವು. ಪ್ರಯೋಗಾಲಯದ ಜಗತ್ತಿನಲ್ಲಿ ಜಂತುಹುಳುವಿಗೆ ಕೀರ್ತಿ ತಂದದ್ದು ಸೀನೋರಾಬ್ಡೈಟಿಸ್ ಎಲಿಗನ್ಸ್. ಅದರ 302 ನರಕೋಶಗಳ ನಕ್ಷೆಯನ್ನೇ ಬಿಡಿಸಿದ ಸಿಡ್ನಿ ಬ್ರೆನ್ನರ್ ಅವರಿಗೂ, ಆ ಹುಳುವಿನ ಮೇಲೆಯೇ ದುಡಿದ ಅವರ ಇಬ್ಬರು ಸಂಗಾತಿಗಳಿಗೂ 2002ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪೊಯಿನಾರ್ ಆರಿಸಿಕೊಂಡದ್ದು ಈ ಎರಡರ ನಡುವಿನ, ಹೆಚ್ಚು ಜನ ನಡೆಯದ ಜಾಡು. ಜಂತುಹುಳುಗಳನ್ನು ಬಲ್ಲವರು ಕೀಟಗಳನ್ನು ಅಷ್ಟಾಗಿ ನೋಡದೆ, ಕೀಟಗಳನ್ನು ಬಲ್ಲವರು ಅವುಗಳ ಹೊಟ್ಟೆಯೊಳಗಿನ ಜಂತುಗಳನ್ನು ಕಡೆಗಣಿಸಿ ಹೋಗುವ ಹೊತ್ತಿನಲ್ಲಿ, ಎರಡೂ ಕೂಡುವ ಜಾಗದಲ್ಲಿ ಅರ್ಧ ಶತಮಾನಕ್ಕೂ ಮೀರಿ ಕುಳಿತು ಕೆಲಸ ಮಾಡಿದ್ದು ಸಾಮಾನ್ಯ ನಿಷ್ಠೆಯಲ್ಲ.

ಆ ಕೆಲಸದ ಮೊದಲ ಘಟ್ಟ 1960ರ ದಶಕದ ನಡುಭಾಗದ್ದು. ಕೀಟಗಳನ್ನು ಕೊಲ್ಲುವ ಜಂತುಹುಳುಗಳು ಇವೆ ಎಂಬುದು ಅದಕ್ಕೂ ಮೊದಲೇ ಗೊತ್ತಿತ್ತು; 1929ರಲ್ಲಿ ನ್ಯೂಜೆರ್ಸಿಯಲ್ಲಿ ರುಡಾಲ್ಫ್ ಗ್ಲೇಸರ್ ಅವರು ಜಪಾನಿ ದುಂಬಿಯ ಮರಿಗಳಲ್ಲಿ ಅಂಥದ್ದನ್ನು ಕಂಡಿದ್ದರು. ಆದರೆ ಒಂದು ಮಿಲಿಮೀಟರ್ ಉದ್ದವೂ ಇಲ್ಲದ ಜೀವಿ ತನಗಿಂತ ಸಾವಿರಾರು ಪಟ್ಟು ದೊಡ್ಡ ಹುಳುವನ್ನು ಒಂದೆರಡು ದಿನದಲ್ಲಿ ಹೇಗೆ ಕೊಲ್ಲುತ್ತದೆ ಎಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಬೇಕಿತ್ತು. ಪೊಯಿನಾರ್ ಮತ್ತು ಅವರ ಸಹೋದ್ಯೋಗಿ ಥಾಮಸ್ ಅವರು ಜಂತುಹುಳುವಿನ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ವಿವರಿಸಿ, ಸಾವಿಗೆ ಮುಖ್ಯ ಕಾರಣ ಅದೇ ಎಂಬುದನ್ನು ತೋರಿಸುವ ಲೇಖನಗಳನ್ನು ಬರೆದರು. 1979ರಲ್ಲಿ ಅವರಿಬ್ಬರೂ ಆ ಬ್ಯಾಕ್ಟೀರಿಯಾಗಳಿಗಾಗಿ ಝೀನೋರಾಬ್ಡಸ್ ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು. ಬೆಳಕು ಬೀರುವ ಬಗೆಯನ್ನು 1993ರಲ್ಲಿ ಬೇರೆ ವಿಜ್ಞಾನಿಗಳು ಫೋಟೊರಾಬ್ಡಸ್ ಎಂಬ ಪ್ರತ್ಯೇಕ ಕುಲಕ್ಕೆ ವರ್ಗಾಯಿಸಿದರು.

ಎರಡನೆಯ ಘಟ್ಟ ಹೆಟೆರೊರಾಬ್ಡೈಟಿಸ್‌ನದು. ಆಸ್ಟ್ರೇಲಿಯಾದ ಬ್ರೆಕನ್ ಎಂಬ ಊರಿನಲ್ಲಿ ಹೀಲಿಯೋಥಿಸ್ ಪತಂಗದ ಹುಳುವಿನಲ್ಲಿ ಸಿಕ್ಕ ಜಂತುಹುಳುವನ್ನು ಪೊಯಿನಾರ್ 1976ರಲ್ಲಿ ವಿವರಿಸಿದಾಗ ಅದನ್ನು ಇಡಲು ಆಗ ಇದ್ದ ಯಾವ ಕುಲವೂ, ಯಾವ ಕುಟುಂಬವೂ ಸಾಲಲಿಲ್ಲ. ಆದ್ದರಿಂದ ಕುಲವನ್ನೂ ಕುಟುಂಬವನ್ನೂ ಒಟ್ಟಿಗೇ ಹೊಸದಾಗಿ ಮಾಡಬೇಕಾಯಿತು. ಆ ಹೀಲಿಯೋಥಿಸ್ ನಮ್ಮ ತೊಗರಿ, ಕಡಲೆಯ ಕಾಯಿಕೊರಕದ ಹತ್ತಿರದ ಬಂಧು.

ಹೆಟೆರೊರಾಬ್ಡೈಟಿಸ್‌ನ ಬಾಳನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಇದನ್ನು ಬಳಸುವ ಬಹುಮಂದಿ ರೈತರಿಗೆ ತಾವು ಮಣ್ಣಿಗೆ ಏನನ್ನು ಬಿಡುತ್ತಿದ್ದೇವೆ ಎಂಬುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಮಣ್ಣಿನಲ್ಲಿ ಅಲೆಯುವುದು ಮೂರನೆಯ ಹಂತದ ಮರಿ. ಅದಕ್ಕೆ ಬಾಯಿ ಮುಚ್ಚಿರುತ್ತದೆ. ಅದು ಏನನ್ನೂ ತಿನ್ನುವುದಿಲ್ಲ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದ ಮೇಲೆ ಕಾಯುತ್ತದೆ. ಕರುಳಿನಲ್ಲಿ ಫೋಟೊರಾಬ್ಡಸ್ ಬ್ಯಾಕ್ಟೀರಿಯಾ ಸಂಗ್ರಹವಾಗಿರುತ್ತದೆ. ಕೀಟವೊಂದು ಉಸಿರು ಬಿಡುವ ಇಂಗಾಲದ ಡೈಆಕ್ಸೈಡಿನ ಜಾಡು ಹಿಡಿದು ಹೋಗಿ, ಬಾಯಿ, ಗುದ ಅಥವಾ ಮೈಪಕ್ಕದ ಉಸಿರುರಂಧ್ರಗಳ ಮೂಲಕ ಒಳನುಗ್ಗುತ್ತದೆ. ಹೆಟೆರೊರಾಬ್ಡೈಟಿಸ್‌ಗೆ ಮೂತಿಯಲ್ಲಿ ಒಂದು ಹಲ್ಲು ಇರುವುದರಿಂದ ತೆಳುವಾದ ಚರ್ಮವನ್ನು ಕೊರೆದು ಹೋಗಲೂ ಬಲ್ಲುದು. ಒಳಗೆ ಸೇರಿದ ಮೇಲೆ ಬ್ಯಾಕ್ಟೀರಿಯಾವನ್ನು ಹೊರಚೆಲ್ಲುತ್ತದೆ. ಬ್ಯಾಕ್ಟೀರಿಯಾ ಕೀಟದ ರಕ್ತದಲ್ಲಿ ಹೆಚ್ಚಿ ಒಂದೆರಡು ದಿನಗಳಲ್ಲಿ ಅದನ್ನು ಕೊಲ್ಲುತ್ತದೆ, ಅದರ ಒಡಲನ್ನು ಜಂತುಹುಳು ತಿನ್ನಬಹುದಾದ ಆಹಾರವಾಗಿ ಮಾರ್ಪಡಿಸುತ್ತದೆ, ಬೇರೆ ಸೂಕ್ಷ್ಮಜೀವಿಗಳು ಸುಳಿಯದಂತೆ ಪ್ರತಿಜೀವಕಗಳನ್ನೂ ಸ್ರವಿಸುತ್ತದೆ. ಸತ್ತ ಹುಳು ಕೊಳೆತು ನಾರದೆ ಇಟ್ಟಿಗೆ ಕೆಂಪಿಗೆ ತಿರುಗುವುದು ಇದೇ ಕಾರಣದಿಂದ. ಕತ್ತಲೆಗೆ ಕಣ್ಣು ಚೆನ್ನಾಗಿ ಹೊಂದಿಕೊಂಡ ಮೇಲೆ ನೋಡಿದರೆ ಆ ಹೆಣ ಮಸುಕಾಗಿ ಬೆಳಗುವುದೂ ಕಾಣುತ್ತದೆ. ನೆಲದ ಮೇಲೆ ಬದುಕುವ ಬ್ಯಾಕ್ಟೀರಿಯಾಗಳಲ್ಲಿ ಬೆಳಕು ಬೀರುವಂಥವು ಬಹಳ ವಿರಳ.

ಒಳಹೊಕ್ಕ ಮರಿ ಬೆಳೆದು ಗಂಡೂ ಹೆಣ್ಣೂ ಒಂದೇ ಮೈಯಲ್ಲಿರುವ ದ್ವಿಲಿಂಗಿಯಾಗುತ್ತದೆ. ಆದಕಾರಣ ಹೆಟೆರೊರಾಬ್ಡೈಟಿಸ್‌ನ ಒಂದೇ ಒಂದು ಮರಿ ಒಳಸೇರಿದರೂ ಸಂತಾನ ಮುಂದುವರಿಯುತ್ತದೆ. ಇದರಂತೆಯೇ ಕೀಟಗಳನ್ನು ಕೊಲ್ಲುವ ಇನ್ನೊಂದು ಕುಲವಾದ ಸ್ಟೈನರ್ನೀಮಾದ ಬಹುಪಾಲು ಪ್ರಭೇದಗಳಲ್ಲಿ ಗಂಡು ಹೆಣ್ಣು ಎರಡೂ ಒಳಗೆ ಬರಲೇಬೇಕು. ಮುಂದಿನ ಪೀಳಿಗೆಯಲ್ಲಿ ಗಂಡು ಹೆಣ್ಣು ಬೇರೆಬೇರೆಯಾಗಿಯೂ ಹುಟ್ಟುತ್ತವೆ. ಆಹಾರ ಮುಗಿಯುತ್ತ ಬಂದಾಗ ಕೆಲವು ಮೊಟ್ಟೆಗಳು ತಾಯಿಯ ಒಡಲಲ್ಲೇ ಒಡೆದು, ಮರಿಗಳು ತಾಯಿಯನ್ನೇ ತಿಂದು ಬೆಳೆಯುತ್ತವೆ. ಎರಡು ವಾರಗಳ ಆಸುಪಾಸಿನಲ್ಲಿ ಒಂದು ದೊಡ್ಡ ಹುಳುವಿನ ಹೆಣದಿಂದ ಲಕ್ಷಗಟ್ಟಲೆ ಹೊಸ ಮರಿಗಳು, ತಮ್ಮ ಪಾಲಿನ ಬ್ಯಾಕ್ಟೀರಿಯಾವನ್ನು ಕರುಳಿಗೆ ತುಂಬಿಕೊಂಡು, ಮಣ್ಣಿಗೆ ಇಳಿಯುತ್ತವೆ.

ಇಷ್ಟು ತಿಳಿದರೆ ಬಳಕೆಯ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಬಿಸಿಲು ಮತ್ತು ಒಣಮಣ್ಣು ಈ ಜೀವಿಗೆ ಮಾರಕ. ಆದ್ದರಿಂದ ಸಂಜೆಯ ಹೊತ್ತು, ಮಳೆ ಹಿಡಿದು ನೆಲ ತೇವವಾಗಿರುವಾಗ, ಹುಳುಗಳು ಇನ್ನೂ ಎಳೆಯದಾಗಿ ಮೇಲ್ಪದರದ ಬೇರುಗಳಲ್ಲಿ ಇರುವಾಗ ಬಿಡಬೇಕು. ಬೇಸಿಗೆಯಲ್ಲಿ ಒಣಗಿದ ಬುಡಕ್ಕೆ ಸುರಿದು, ಫಲ ಕಾಣಲಿಲ್ಲವೆಂದು ಪುಡಿಯನ್ನು ದೂರುವುದು ನ್ಯಾಯವಲ್ಲ. ಹಳೆಯ ದಾಸ್ತಾನನ್ನು ಕೊಂಡರೆ ಒಳಗೆ ಜೀವವೇ ಉಳಿದಿರುವುದಿಲ್ಲ. ತಯಾರಾದ ದಿನಾಂಕ ನೋಡಿ ಕೊಳ್ಳುವುದು, ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಚೀಲ ಬಿಡದಿರುವುದು ಅಗತ್ಯ. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ತಾಳೆಜಾತಿಯ ಮರಗಳ ಬೇರುಹುಳುವಿಗೆ ಸ್ಟೈನರ್ನೀಮಾ ಕಾರ್ಪೊಕ್ಯಾಪ್ಸೆ ಎಂಬ ಪ್ರಭೇದವನ್ನು ಹೆಕ್ಟೇರಿಗೆ 150 ಕೋಟಿ ಮರಿಗಳ ಲೆಕ್ಕದಲ್ಲಿ, ಮಣ್ಣಿನ ಐದರಿಂದ ಹತ್ತು ಸೆಂಟಿಮೀಟರ್ ಆಳಕ್ಕೆ ಕೊಡಲು ಶಿಫಾರಸು ಮಾಡಿದೆ. ಏಲಕ್ಕಿಯ ಬೇರು ತಿನ್ನುವ ಹುಳುವಿಗೂ ಈ ಜಂತುಹುಳುಗಳ ಬಳಕೆಯಿದೆ. ಸಕಲೇಶಪುರದಲ್ಲಿ ಭಾರತೀಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಆ ಭಾಗದವರು ಅಲ್ಲಿ ವಿಚಾರಿಸಬಹುದು.

ಪೊಯಿನಾರ್ ಅವರ ಪಟ್ಟಿಯಲ್ಲಿ ಕಾಫಿ ಬೆಳೆಗಾರನನ್ನು ತಟ್ಟನೆ ನಿಲ್ಲಿಸುವ ಲೇಖನವೊಂದಿದೆ. ಕಾಫಿಯ ಕಾಯಿಕೊರಕ, ಅಂದರೆ ನಾವೆಲ್ಲ ಬೆರ್ರಿ ಬೋರರ್ ಎನ್ನುವ ಹೈಪೊಥೆನೆಮಸ್ ಹಂಪೈ, 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡು, ಮುಂದೆ ಕೊಡಗು, ಹಾಸನ, ಚಿಕ್ಕಮಗಳೂರಿಗೆ ಹರಡಿತು. ಹೆಣ್ಣು ದುಂಬಿ ಕಾಯಿಯ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ ಕೊರೆದು ಬೀಜದೊಳಗೆ ಸಂಸಾರ ಹೂಡುತ್ತದೆ. ಒಳಗೇ ಹುಟ್ಟಿದ ಅಣ್ಣತಂಗಿಯರು ಒಳಗೇ ಕೂಡುತ್ತವೆ. ಹಾರಲಾರದ ಗಂಡು ಕಾಯಿಯನ್ನು ಬಿಟ್ಟು ಹೊರಬರುವುದಿಲ್ಲ. ಹೀಗೆ ಬಾಳೆಲ್ಲ ಬೀಜದೊಳಗೆ ಅಡಗಿರುವ ಕೀಟವನ್ನು ಸಿಂಪರಣೆಯಿಂದ ಮುಟ್ಟುವುದು ಎಷ್ಟು ಕಷ್ಟ ಎಂಬುದು ಕೊಯ್ಲಿನ ನಂತರ ನೆಲಕ್ಕುದುರಿದ ಕಾಯಿಗಳನ್ನು ಹೆಕ್ಕಿಸಿದ ಪ್ರತಿಯೊಬ್ಬರಿಗೂ ಗೊತ್ತು. ಮೆಕ್ಸಿಕೋದ ಚಿಯಾಪಾಸ್‌ನ ಕಾಫಿ ತೋಟಗಳಲ್ಲಿ ಈ ದುಂಬಿಯ ಒಡಲೊಳಗೆ ಬದುಕುವ ಜಂತುಹುಳುವೊಂದು ಸಿಕ್ಕಿದಾಗ ಅದನ್ನು ಹೊಸ ಪ್ರಭೇದವೆಂದು ಪೊಯಿನಾರ್ ಮತ್ತು ಸಂಗಡಿಗರು 2004ರಲ್ಲಿ ವಿವರಿಸಿದರು. ಮೆಟಾಪ್ಯಾರಾಸಿಟೈಲೆಂಕಸ್ ಹೈಪೊಥೆನೆಮಿ ಎಂಬ ಉದ್ದದ ಹೆಸರು ಅದರದು. ಅದು ದುಂಬಿಯನ್ನು ಹೆಟೆರೊರಾಬ್ಡೈಟಿಸ್‌ನಂತೆ ತಕ್ಷಣ ಕೊಲ್ಲುವುದಿಲ್ಲ, ಹೆಣ್ಣನ್ನು ಬಂಜೆಯಾಗಿಸುತ್ತದೆ. ಕರ್ನಾಟಕದಲ್ಲಿಯೂ ಕಾಯಿಕೊರಕದ ಜೊತೆ ಪ್ಯಾನಗ್ರೊಲೈಮಸ್ ಎಂಬ ಬೇರೆ ಕುಲದ ಜಂತುಹುಳು ಇರುವುದು 1994ರಲ್ಲಿ ವರದಿಯಾಗಿದೆ. ಬೀಜದೊಳಗೆ ಅಡಗಿದ ಕೀಟವನ್ನು ಅಲ್ಲಿಯೇ ಹುಡುಕಿಕೊಂಡು ಹೋಗಬಲ್ಲ ಜೀವಿಗಳು ಇವೆ ಎಂಬ ಅರಿವು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ, ಅದು ನಾಳೆಯೇ ಪೊಟ್ಟಣದಲ್ಲಿ ಅಂಗಡಿಗೆ ಬಾರದಿದ್ದರೂ.

ಇರುವೆಯ ಕಥೆಯನ್ನು ಬಿಡಲಾರೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬದುಕುವ ಸೆಫಲೋಟಿಸ್ ಅಟ್ರಾಟಸ್ ಎಂಬ ಕಪ್ಪು ಇರುವೆಯ ಹಿಂಬದಿ ಕೆಲವೊಮ್ಮೆ ಹಣ್ಣಿನಂತೆ ಕೆಂಪಗಾಗುತ್ತದೆ. ಕಾರಣ, ಒಳಗೆ ತುಂಬಿಕೊಂಡ ಜಂತುಹುಳುವಿನ ಮೊಟ್ಟೆಗಳು. ಅಂಥ ಇರುವೆ ತನ್ನ ಕೆಂಪು ಹಿಂಬದಿಯನ್ನು ಎತ್ತಿಕೊಂಡೇ ಓಡಾಡುತ್ತದೆ. ಹಕ್ಕಿ ಅದನ್ನು ಹಣ್ಣೆಂದು ತಿಂದು, ಹಿಕ್ಕೆಯ ಮೂಲಕ ಮೊಟ್ಟೆಗಳನ್ನು ಬೇರೆಡೆಗೆ ಸಾಗಿಸಿ, ಆ ಹಿಕ್ಕೆಯನ್ನು ಇರುವೆಗಳು ತಮ್ಮ ಮರಿಗಳಿಗೆ ಉಣಿಸಿ, ಚಕ್ರ ಪೂರ್ಣವಾಗುತ್ತದೆ ಎಂಬುದು ಇದನ್ನು ಕಂಡ ವಿಜ್ಞಾನಿಗಳ ಊಹೆ. ಪೊಯಿನಾರ್ ಮತ್ತು ಯಾನೋವಿಯಾಕ್ ಈ ಜಂತುಹುಳುವಿಗೆ 2008ರಲ್ಲಿ ಮಿರ್ಮೆಕೊನೀಮಾ ಎಂದು ಹೆಸರಿಟ್ಟರು. ಅದೇ ವರ್ಷ ಪೊಯಿನಾರ್ ಜರ್ಮನಿಯ ಕೆರ್ಪ್ ಮತ್ತು ಹಾಸ್ ಅವರೊಡನೆ ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ ಸುಮಾರು 40 ಕೋಟಿ ವರ್ಷ ಹಳೆಯ ಶಿಲೆಯಿಂದ ಪೇಲಿಯೊನೀಮಾ ಫೈಟಿಕಮ್ ಎಂಬ ಜಂತುಹುಳುವನ್ನು ವಿವರಿಸಿದರು. ಬೇರೂ ಎಲೆಯೂ ಇನ್ನೂ ಸರಿಯಾಗಿ ರೂಪುಗೊಳ್ಳದ ಆದಿಮ ಸಸ್ಯವೊಂದರ ಪತ್ರರಂಧ್ರದ ಒಳಗೂಡಿನಲ್ಲಿ ಮೊಟ್ಟೆ, ಮರಿ, ಬೆಳೆದ ಹುಳು ಎಲ್ಲವೂ ಒಟ್ಟಿಗೆ ಉಳಿದಿವೆ. ಮೆಣಸಿನ ಬಳ್ಳಿಯ ಬೇರಿಗೆ ಬಿದ್ದ ಜಂತುಹುಳುವನ್ನು ಹೊಸ ಕಾಲದ ರೋಗವೆಂದು ಮಾತನಾಡುವವರು ಈ ಒಂದು ಲೇಖನವನ್ನಾದರೂ ಓದಬೇಕು. ಗಿಡಗಳು ನೆಲಕ್ಕೆ ಬಂದ ಕಾಲದಿಂದಲೂ ಈ ಸಹವಾಸ ಇದೆ.

ಇನ್ನು ಅಂಬರ್. ನಮ್ಮ ಕಾಡಿನ ಧೂಪದ ಮರದ ಗಾಯದಿಂದ ಇಳಿದ ರಾಳದಲ್ಲಿ ಇರುವೆ, ಸೊಳ್ಳೆ ಸಿಕ್ಕಿಕೊಳ್ಳುವುದನ್ನು ನೋಡಿದವರಿಗೆ ಅಂಬರ್ ಏನೆಂದು ವಿವರಿಸುವುದು ಸುಲಭ: ಕೋಟ್ಯಂತರ ವರ್ಷ ನೆಲದಡಿ ಉಳಿದು ಗಟ್ಟಿಯಾದ ಅಂಥದೇ ರಾಳ. 1982ರಲ್ಲಿ ಪೊಯಿನಾರ್ ಮತ್ತು ರಾಬರ್ಟಾ ಹೆಸ್ ಅವರು ಬಾಲ್ಟಿಕ್ ಅಂಬರ್‌ನಲ್ಲಿದ್ದ ನಾಲ್ಕು ಕೋಟಿ ವರ್ಷ ಹಳೆಯ ನೊಣವೊಂದರ ಜೀವಕೋಶಗಳ ಒಳರಚನೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವಷ್ಟು ಉಳಿದಿದೆ ಎಂದು ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದರು. ಡೈನೋಸಾರ್‌ಗಳನ್ನು ಮರುಹುಟ್ಟಿಸುವ ಹಾಲಿವುಡ್ ಕಥೆಗೆ ಪ್ರೇರಣೆಯಾದ ಕೆಲಸವೆಂದು ಅದು ಹೆಸರಾಯಿತು. 1993ರಲ್ಲಿ ಅವರೂ ಸೇರಿದ್ದ ತಂಡ ಲೆಬನಾನಿನ ಅಂಬರ್‌ನಲ್ಲಿದ್ದ, 12 ಕೋಟಿ ವರ್ಷಕ್ಕೂ ಹಳೆಯ ಮೂತಿಹುಳುವಿನಿಂದ ಡಿಎನ್‌ಎ ತೆಗೆದುದಾಗಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. 1997ರಲ್ಲಿ ಲಂಡನ್ನಿನ ಸಂಶೋಧಕರು ಅಂಬರ್‌ನ ಕೀಟಗಳಿಂದ ಡಿಎನ್‌ಎ ಪಡೆಯಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಈವರೆಗೆ ಒಪ್ಪಿತವಾಗಿರುವ ಅತಿ ಹಳೆಯ ಡಿಎನ್‌ಎ, 2022ರಲ್ಲಿ ಗ್ರೀನ್‌ಲ್ಯಾಂಡಿನ ಹೆಪ್ಪುಮಣ್ಣಿನಿಂದ ವರದಿಯಾದದ್ದು, ಸುಮಾರು 20 ಲಕ್ಷ ವರ್ಷದ್ದು ಮಾತ್ರ. ಆದ್ದರಿಂದ 1993ರ ಆ ಹೇಳಿಕೆ ಇಂದು ನಿಲ್ಲುವುದಿಲ್ಲ ಎಂದು ನೇರವಾಗಿಯೇ ಹೇಳಬೇಕು. ಗೌರವದ ಹೆಸರಿನಲ್ಲಿ ಅದನ್ನು ಮರೆಸುವುದು ವಿಜ್ಞಾನಿಗೂ ಓದುಗರಿಗೂ ಸಲ್ಲದು.

ಆದರೆ ಆ ಒಂದು ಹೇಳಿಕೆ ಬಿದ್ದುದರಿಂದ ಅಂಬರ್‌ನ ಉಳಿದ ಕೆಲಸ ಬೀಳುವುದಿಲ್ಲ. ಕೀಟದ ಒಡಲೊಳಗೆ ಬೆಳೆದು, ಕೊನೆಗೆ ಅದನ್ನು ಸೀಳಿ ಹೊರಬರುವ ಮರ್ಮಿಥಿಡ್ ಎಂಬ ಉದ್ದ ಜಂತುಹುಳುಗಳು, ಹೊರಬರುತ್ತಿರುವ ಸ್ಥಿತಿಯಲ್ಲೇ ಅಂಬರ್‌ನಲ್ಲಿ ಸಿಕ್ಕಿಬಿದ್ದಿವೆ. ಪರಾವಲಂಬಿ ಮತ್ತು ಆಶ್ರಯದಾತ ಎರಡೂ ಒಂದೇ ತುಣುಕಿನಲ್ಲಿ ಸಿಗುವುದು ಬೇರೆ ಯಾವ ಬಗೆಯ ಪಳೆಯುಳಿಕೆಯಲ್ಲೂ ಇಷ್ಟು ಸ್ಪಷ್ಟವಾಗಿ ಸಾಧ್ಯವಿಲ್ಲ. ಅಂಥ ತುಣುಕಿನಲ್ಲಿ ಇರುವುದು ಏನೆಂದು ಹೇಳಬಲ್ಲವರು ಯಾರು? ಇಂದು ಬದುಕಿರುವ ಮರ್ಮಿಥಿಡ್‌ಗಳನ್ನು ಮಿಡತೆಯಲ್ಲೂ ಸೊಳ್ಳೆಯ ಮರಿಯಲ್ಲೂ ಕಂಡು, ಅಳೆದು, ಬರೆದವರೇ. ಅಂಬರ್‌ನ ಕೀರ್ತಿ ಆ ಸಣ್ಣ ಲೇಖನಗಳ ಹೆಗಲ ಮೇಲೆ ನಿಂತಿದೆ.

ನಮ್ಮ ನೆಲದ ಕೃಷಿ ವಿಜ್ಞಾನವೂ ಇಂಥ ದುಡಿಮೆಯಿಂದಲೇ ಮೊಳೆತದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಶಿಲೀಂಧ್ರಶಾಸ್ತ್ರ, ಕೀಟಶಾಸ್ತ್ರ ಎರಡರ ಹೊಣೆಯನ್ನೂ ಹೊತ್ತು, ಅಡಿಕೆಯ ಕೊಳೆರೋಗವನ್ನೂ ಜೋಳದ ಮಿಡತೆಯನ್ನೂ ಕಟ್ಟೆಚ್ಚರದಿಂದ ಅಭ್ಯಾಸ ಮಾಡಿದರು. ಆ ಮಿಡತೆಯ ಕುಲಕ್ಕೆ ಕೋಲ್ಮೇನಿಯಾ ಎಂಬ ಹೆಸರೇ ಇದೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದು ಅವರು ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ. ಇಂದು ಜೀವಿಯನ್ನು ಗುರುತಿಸಿ ವಿವರಿಸುವ ವಿದ್ಯೆಗೆ ಸಂಬಳವೂ ಕಡಿಮೆ, ವಿದ್ಯಾರ್ಥಿಗಳೂ ಕಡಿಮೆ. ಇದು ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚುವ ಸಂಗತಿ. ಕೊಯಮತ್ತೂರಿನ ಕಬ್ಬಿನ ಗದ್ದೆಯಲ್ಲಿ ಸಿಕ್ಕ ಜಂತುವನ್ನು ಅಂದು ಗುರುತಿಸದೆ ಎಸೆದಿದ್ದರೆ ಆ ಪುಡಿಯಲ್ಲಿ ಇಂದು ಇಂಡಿಕಾ ಇರುತ್ತಿರಲಿಲ್ಲ. ಪಶ್ಚಿಮಘಟ್ಟದ ಶೋಲಾ ಕಾಡಿನ ಮಣ್ಣಿಗೆ, ನಮ್ಮ ಚಳಿಗೆ, ನಮ್ಮ ಮಳೆಗೆ ಹೊಂದಿಕೊಂಡ ಕೀಟಭಕ್ಷಕ ಜಂತುಹುಳುಗಳು ಇಲ್ಲಿಯ ನೆಲದಲ್ಲಿಯೇ ಇರಬೇಕೆಂದು ನಂಬಲು ನನಗೆ ಎಲ್ಲ ಕಾರಣಗಳೂ ಇವೆ.

ಅವುಗಳನ್ನು ಹುಡುಕುವ ವಿಧಾನಕ್ಕೆ ದೊಡ್ಡ ಉಪಕರಣ ಬೇಡ. ಜೇನುಸಾಕಣೆ ಮಾಡುವವರೆಲ್ಲ ಬಲ್ಲ ಮೇಣದ ಪತಂಗದ ಹುಳುಗಳನ್ನು ತೇವದ ಮಣ್ಣು ತುಂಬಿದ ಡಬ್ಬಿಯಲ್ಲಿಟ್ಟು ಕೆಲವು ದಿನ ಬಿಟ್ಟರೆ, ಮಣ್ಣಿನಲ್ಲಿ ಇಂಥ ಜಂತುಗಳಿದ್ದಲ್ಲಿ ಹುಳುಗಳು ಸಾಯುತ್ತವೆ. 1975ರಲ್ಲಿ ಬೆಡಿಂಗ್ ಮತ್ತು ಅಖರ್ಸ್ಟ್ ವಿವರಿಸಿದ ಈ ಕ್ರಮವನ್ನು ಜಗತ್ತಿನೆಲ್ಲೆಡೆ ಇಂದಿಗೂ ಅನುಸರಿಸುತ್ತಾರೆ. ಸತ್ತ ಹುಳುವನ್ನು ಒದ್ದೆ ಕಾಗದದ ಮೇಲಿಟ್ಟು ಸುತ್ತ ತೆಳುವಾಗಿ ನೀರು ನಿಲ್ಲಿಸಿದರೆ ಹೊರಬಂದ ಮರಿಗಳು ನೀರಿಗಿಳಿಯುತ್ತವೆ. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೂ ಅವನ್ನು ನೋಡಬಹುದು.

ಅಡಿಕೆ ಬುಡ ಬಿಡಿಸುವಾಗ, ಶುಂಠಿ ಪಾತಿ ಕೆದಕುವಾಗ, ನಾರದೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಮೆತ್ತಗಾಗಿ ಸತ್ತ ಗೊಣ್ಣೆಹುಳು ಕಂಡರೆ ದಯವಿಟ್ಟು ಎಸೆಯಬೇಡಿ. ಅಲ್ಲಿಯದೇ ಒಂದು ಹಿಡಿ ತೇವದ ಮಣ್ಣಿನೊಂದಿಗೆ, ಗಾಳಿಯಾಡುವ ಡಬ್ಬಿಯಲ್ಲಿ, ಬಿಸಿಲು ತಾಕದಂತೆ ಇಟ್ಟು, ಸಿಕ್ಕಿದ ಜಾಗ, ದಿನಾಂಕ, ಬೆಳೆ, ಕೊನೆಯದಾಗಿ ಯಾವ ಕೀಟನಾಶಕ ಬಳಸಿದ್ದೀರಿ ಎಂಬ ವಿವರವನ್ನು ಚೀಟಿಯಲ್ಲಿ ಬರೆದು, ಒಂದೆರಡು ದಿನದೊಳಗೆ ಚಿಕ್ಕಮಗಳೂರು ಜಿಲ್ಲೆಯವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೂ, ಹಾಸನದವರು ಕಂದಲಿಯ ಕೇಂದ್ರಕ್ಕೂ ತಲುಪಿಸಿ.